13 ಕೋಳಿಗೆ 50 ಕೆಜಿ ಮೂಟೆ 24 ದಿನಕ್ಕೇ ಖಾಲಿ, ಎಲ್ಲಿ ತಪ್ಪುತ್ತಿದೆ?

ಪೋಂಡಾ ಹಿತ್ತಲು

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ. ನನ್ನ ಲೆಕ್ಕ ಎಷ್ಟು ಸಲ ಹಾಕಿದರೂ ಕೂಡುತ್ತಲೇ ಇಲ್ಲ.

ನಮ್ಮದು ಗದಗ ಕಡೆ ಊರು. 14 ವರ್ಷದಿಂದ ಗೋವಾದಲ್ಲಿ, ಪೋಂಡಾ ಪಕ್ಕದ ಕುರ್ಟಿಯಲ್ಲಿ ಇದ್ದೇವೆ. ಯಜಮಾನರಿಗೆ ಕುಂಡೈ ಕಡೆ ಕೆಲಸ. ಬಾಡಿಗೆ ಮನೆಯೇ, ಆದರೆ ಹಿಂದೆ ಐದಾರು ತೆಂಗಿನ ಮರ, ಒಂದು ಹಲಸು, ಬಾವಿ, ಇಷ್ಟು ಜಾಗ ಇದೆ. ಮನೆ ಒಡತಿ ಅಜ್ಜಿ ಒಳ್ಳೆಯವರು. ಕೋಳಿ ಸಾಕಿಕೊಳ್ಳಿ, ನನಗೂ ವಾರಕ್ಕೆ ನಾಲ್ಕು ಮೊಟ್ಟೆ ಕೊಡಿ ಅಂದರು. ಈಗ ಗ್ರಾಮಪ್ರಿಯ ತಳಿಯ ಹೇಂಟೆ 8, ಅಜ್ಜಿ ಹತ್ತಿರವೇ ಕೊಂಡ ಗಾವಠಿ (ನಾಟಿ) ಹೇಂಟೆ 4, ಹುಂಜ 1. ಒಟ್ಟು 13. ಗ್ರಾಮಪ್ರಿಯಗಳಿಗೆ 11 ತಿಂಗಳು.

ಮೊದಲು ಬರೀ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಗೆಂದೇ ಬರುವ ಹಿಟ್ಟಿನ ಮೇವು) ಹಾಕುತ್ತಿದ್ದೆ. 50 ಕೆಜಿ ಮೂಟೆ ನಮಗೆ ಮನೆಗೆ ಬಂದು ಬೀಳುವಾಗ 1,850 ರೂಪಾಯಿ. ಮೂಟೆ ಹೆಚ್ಚೆಂದರೆ 24 ದಿನ ಬರುತ್ತಿತ್ತು. ದಿನಕ್ಕೆ 7 ಮೊಟ್ಟೆ, ಕೆಲವು ದಿನ 8. ಮನೆಗೆ ಇಟ್ಟುಕೊಂಡು ಉಳಿದದ್ದನ್ನು ಅಕ್ಕಪಕ್ಕದವರಿಗೆ 12 ರೂಪಾಯಿಗೆ ಒಂದರಂತೆ ಕೊಡುತ್ತೇನೆ. ಇಲ್ಲಿಯವರು ಗಾವಠಿ ಮೊಟ್ಟೆ ಅಂದರೆ ಕೇಳಿ ತೆಗೆದುಕೊಳ್ಳುತ್ತಾರೆ, ಗೊತ್ತಲ್ವಾ.

ಮೂಟೆ ಇಷ್ಟು ಬೇಗ ಮುಗಿಯುವುದು ನೋಡಿ ಜೂನ್‌ನಲ್ಲಿ ಖರ್ಚು ಕಡಿಮೆ ಮಾಡಲು ಹೊರಟೆ. ಅಕ್ಕಿ ನುಚ್ಚು ಕೆಜಿಗೆ 26ರಂತೆ 25 ಕೆಜಿ ತಂದು ಮ್ಯಾಶ್ ಜೊತೆ ಬೆರೆಸಲು ಶುರು ಮಾಡಿದೆ. ರಾತ್ರಿ ಉಳಿದ ಅನ್ನ, ಎಣ್ಣೆ ಗಿರಣಿಯಿಂದ ತಂದ ಕೊಬ್ಬರಿ ಹಿಂಡಿ ಒಂದೊಂದು ಹಿಡಿ ಬೇರೆ. ಈಗ ಮ್ಯಾಶ್ ಮೂಟೆ 40 ದಿನ ಬರುತ್ತದೆ, ನುಚ್ಚು ಒಂದು ತಿಂಗಳು. ಖರ್ಚು ಇಳಿಯಿತು ಅಂತ ಸಮಾಧಾನ ಆಗಿತ್ತು. ಆದರೆ ಮೊಟ್ಟೆ ಮೆಲ್ಲಗೆ 6 ಆಯಿತು, 5 ಆಯಿತು, ಈಗ 4. ಹೋದ ಮಂಗಳವಾರ ಗೂಡಿಗೆ ಕೈ ಹಾಕಿದರೆ ಚಿಪ್ಪೇ ಇಲ್ಲದ ಮೊಟ್ಟೆ. ಬೆಚ್ಚಗೆ, ಮೆತ್ತಗೆ, ನೀರು ತುಂಬಿದ ಬಲೂನಿನ ಹಾಗೆ ಅಂಗೈಯಲ್ಲಿ ಕೂತಿತು. ತೊಗಲಿನೊಳಗೆ ಹಳದಿ ಅಲ್ಲಾಡುವುದು ಹೊರಗಿಂದಲೇ ಕಾಣುತ್ತಿತ್ತು. ನನಗೆ ಹೊಟ್ಟೆ ಚುರ್ ಅಂದಿತು. ಆ ಕೋಳಿಗೆ ನಾನೇ ಏನೋ ಕಡಿಮೆ ಮಾಡಿದ್ದೇನೆ ಅನಿಸಿತು.

ಶ್ರಾವಣ ಬೇರೆ ನಡೆದಿದೆ, ಇಲ್ಲಿ ಚವತಿ ಮುಗಿಯುವ ತನಕ ಮೊಟ್ಟೆ ಕೇಳುವವರೂ ಕಡಿಮೆ. ಯಜಮಾನರು, ಎಂಟು ಕೊಟ್ಟುಬಿಡು, ನಾಲ್ಕು ಸಾಕು ಅನ್ನುತ್ತಾರೆ. ನನಗೆ ಮನಸ್ಸಿಲ್ಲ.

ನಿಮ್ಮ ಕೋಳಿ ದಿನಕ್ಕೆ ನಿಜವಾಗಿ ಎಷ್ಟು ತಿನ್ನುತ್ತವೆ? ಕಡಿಮೆ ಖರ್ಚಿನಲ್ಲಿ ಸರಿಯಾದ ಮೇವು ಯಾವುದು? ಮನೆಯಲ್ಲೇ ಮೇವು ತಯಾರಿಸಿದರೆ ಉಳಿತಾಯ ಆಗುತ್ತದಾ?

ತಳೇಗಾಂವ್ ಅಜ್ಜ

ತಾಯಿ, ಅಜೋಲ್ಲಾ ಬೆಳೆಸಿ, ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಸೊಪ್ಪು ಅದು. ನಾನು ಪುಣೆ ಹತ್ತಿರ ತಳೇಗಾಂವ್‌ನಲ್ಲಿ ಇದ್ದೇನೆ, ನಿವೃತ್ತಿ ಆದ ಮೇಲೆ 9 ಕೋಳಿ ಸಾಕಿದ್ದೇನೆ. ಟಾರ್ಪಾಲ್ ಹಾಸಿ ಆರು ಅಡಿ ಉದ್ದ, ಮೂರು ಅಡಿ ಅಗಲದ ಗುಂಡಿ ಮಾಡಿದ್ದೇನೆ. ಅರ್ಧ ಅಡಿ ನೀರು, ಸ್ವಲ್ಪ ಮಣ್ಣು, ಎರಡು ಬುಟ್ಟಿ ಸೆಗಣಿ. ಬೇರೇನೂ ಖರ್ಚಿಲ್ಲ. ದಿನಾ ಬೆಳಿಗ್ಗೆ ಜರಡಿಯಲ್ಲಿ ಎತ್ತಿ ತೊಳೆದು ಹಾಕಿದರೆ ಕೋಳಿಗಳು ಓಡಿ ಬರುತ್ತವೆ. ಹಳದಿ ಭಾಗ ಎಷ್ಟು ಕೆಂಪಗೆ ಬರುತ್ತದೆ ನೋಡಿ. ಒಣಗಿಸಿದ ಅಜೋಲ್ಲಾದಲ್ಲಿ ನೂರಕ್ಕೆ 20ರಿಂದ 25ರಷ್ಟು ಪ್ರೋಟೀನ್ ಇರುತ್ತದೆ. ನಿಮ್ಮಲ್ಲಿ ನೀರಿಗೆ ಬರ ಇಲ್ಲ, ತೆಂಗಿನ ನೆರಳೂ ಇದೆ. ಮ್ಯಾಶ್ ಅರ್ಧಕ್ಕೆ ಇಳಿಸಬಹುದು.

ಕೋಳಿ ಕೊಟ್ಟುಬಿಡಬೇಡಿ. ಗೂಡು ಖಾಲಿ ಆದರೆ ಹಿತ್ತಲು ಭಣಭಣ ಅನ್ನುತ್ತದೆ.

ಸಾಂಗೆ ತೋಟದವನು

ಅಕ್ಕಾ, ಮೂಟೆ 24 ದಿನಕ್ಕೆ ಮುಗಿಯಿತು ಅಂದಿರಲ್ಲ, ಅಲ್ಲೇ ಇದೆ ನಿಮ್ಮ ಪ್ರಶ್ನೆಗೆ ಉತ್ತರ. ನುಚ್ಚು, ಅಜೋಲ್ಲಾ ಎಲ್ಲ ಆಮೇಲೆ.

50 ಕೆಜಿಯನ್ನು 24 ದಿನಕ್ಕೆ ಭಾಗಿಸಿ. ದಿನಕ್ಕೆ ಎರಡು ಕೆಜಿ ಮೇಲೆ ಚೂರು ಬರುತ್ತದೆ. 13 ಕೋಳಿಗೆ ಹಂಚಿದರೆ ಒಂದಕ್ಕೆ 160 ಗ್ರಾಂ. ಗ್ರಾಮಪ್ರಿಯ ಹೇಂಟೆ ದಿನಕ್ಕೆ 100, 110 ಗ್ರಾಂ ತಿನ್ನುತ್ತದೆ. ಗಾವಠಿ ಇನ್ನೂ ಕಡಿಮೆ, ಮೇಯಲು ಬಿಟ್ಟರೆ 70, 80ಕ್ಕೇ ಸಾಕು. ದೊಡ್ಡ ಫಾರ್ಮಿನ ಬಿಳಿ ಲೇಯರ್ ಕೋಳಿಯೂ 160 ತಿನ್ನುವುದಿಲ್ಲ. ಅಂದರೆ ದಿನಕ್ಕೆ 700, 800 ಗ್ರಾಂ ನಿಮ್ಮ ಕೋಳಿ ಹೊಟ್ಟೆಗೆ ಹೋಗುತ್ತಲೇ ಇಲ್ಲ. ಬೇರೆ ಯಾರೋ ತಿನ್ನುತ್ತಿದ್ದಾರೆ, ಇಲ್ಲವಾದರೆ ಮಣ್ಣಿಗೆ ಹೋಗುತ್ತಿದೆ.

ಇವತ್ತೇ ಒಂದು ಕೆಲಸ ಮಾಡಿ. ಸಂಜೆ ಕೋಳಿ ಗೂಡು ಹತ್ತಿದ ಮೇಲೆ ಮೇವಿನ ಬಾನಿಯನ್ನು ತೂಕ ಮಾಡಿ ಬರೆದಿಡಿ. ಅಡುಗೆ ಮನೆಯ ತಕ್ಕಡಿ ಸಾಕು. ಬಾನಿಯನ್ನು ಇದ್ದ ಜಾಗದಲ್ಲೇ ಇಡಿ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವ ಮೊದಲು ಮತ್ತೆ ತೂಗಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ, ಅದು ಮೇವು ಮುಟ್ಟುವುದಿಲ್ಲ. ರಾತ್ರಿ ಎಷ್ಟು ಕಡಿಮೆಯಾಗಿದೆಯೋ ಅಷ್ಟೂ ಇಲಿ ಪಾಲು.

ನಾನು ಹಾವೇರಿ ಜಿಲ್ಲೆಯವನು. ಇಲ್ಲಿ ಸಾಂಗೆ ತಾಲ್ಲೂಕಿನಲ್ಲಿ ಒಬ್ಬರ ಅಡಿಕೆ ಕುಳಾಗರ (ತೋಟ) ನೋಡಿಕೊಳ್ಳುತ್ತೇನೆ, 35 ಕೋಳಿ ನನ್ನವು. ಮೊದಲನೇ ವರ್ಷ ನನಗೂ ಹೀಗೇ ಆಗಿತ್ತು. ಒಂದು ರಾತ್ರಿ ಟಾರ್ಚ್ ಆರಿಸಿ ಮೆಟ್ಟಿಲ ಮೇಲೆ ಕೂತೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಾನಿಯ ಅಂಚಿಗೆ ಉಗುರು ತಾಗುವ ಸಣ್ಣ ಸದ್ದು, ಟಕ್ ಟಕ್ ಅಂತ. ಟಾರ್ಚ್ ಹಾಕಿದೆ. ಏಳು ಹೆಗ್ಗಣ ಬಾನಿ ಸುತ್ತ ಪಂಕ್ತಿಯಲ್ಲಿ ಕೂತಿದ್ದವು. ಒಂದು ಬಾನಿ ಒಳಗೇ ಇತ್ತು, ಹೊಟ್ಟೆವರೆಗೂ ಮ್ಯಾಶ್. ತಿಂಗಳಿಗೆ ಎಷ್ಟು ದುಡ್ಡು ಅವಕ್ಕೆ ಹಾಕಿದೆನೋ. ದುಡ್ಡು ಒಂದೇ ಅಲ್ಲ ಅಕ್ಕಾ, ಮೇವಿನಲ್ಲಿ ಅವುಗಳ ಉಚ್ಚೆ ಹಿಕ್ಕೆ ಬಿದ್ದಿರುತ್ತದೆ. ಮಳೆಗಾಲದಲ್ಲಿ ಇಲಿ ಜ್ವರದ ಭಯ ನಮಗೂ ಇದೆ. ಆ ಬಾನಿಗೆ ಕೈ ಹಾಕುವವರು ನಾವೇ ಅಲ್ವಾ.

ಅವತ್ತಿನಿಂದ ಸಂಜೆ ಬಾನಿ ಎತ್ತಿ ಮುಚ್ಚಳದ ಡ್ರಮ್ಮಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಗೆ. ಬಾನಿ ತುಂಬ ತುಂಬಿಸಬೇಡಿ, ಮೂರರಲ್ಲಿ ಒಂದು ಪಾಲು ಸಾಕು. ತುಂಬಿಸಿದರೆ ಕೋಳಿ ಕೊಕ್ಕಿನಿಂದ ಆ ಕಡೆ ಈ ಕಡೆ ಚೆಲ್ಲಿ ದಪ್ಪ ಕಾಳು ಆರಿಸುತ್ತದೆ, ಹಿಟ್ಟು ನೆಲಕ್ಕೆ ಬೀಳುತ್ತದೆ. ನಿಜವಾದ ಸತ್ವ ಇರುವುದು ಆ ಹಿಟ್ಟಿನಲ್ಲೇ, ವಿಟಮಿನ್ನು, ಖನಿಜ ಎಲ್ಲ. ಬಾನಿಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವ ಹಾಗೆ ಇಟ್ಟಿಗೆ ಇಟ್ಟು ಎತ್ತರಿಸಿ, ಆಗ ಕೆದರಲು ಆಗುವುದಿಲ್ಲ. ಕಾಗೆ ಬರುತ್ತಿದ್ದರೆ ಬಾನಿಯನ್ನು ಮಾಡಿನ ಕೆಳಗೆ ಒಳಕ್ಕೆ ಸರಿಸಿ.

ಈಗ ನುಚ್ಚಿನ ವಿಷಯ. ನಿಮ್ಮ ಲೆಕ್ಕವನ್ನೇ ಹಾಕಿ ನೋಡಿದೆ. ಮೊದಲು ತಿಂಗಳಿಗೆ 2,300 ರೂಪಾಯಿ ಚಿಲ್ಲರೆ ಮೇವು. ಈಗ ಮ್ಯಾಶ್, ನುಚ್ಚು ಸೇರಿ ಸುಮಾರು 2,040. ಉಳಿದದ್ದು 270. ಮೊಟ್ಟೆ 7ರಿಂದ 4ಕ್ಕೆ ಇಳಿಯಿತು, ತಿಂಗಳಿಗೆ 90 ಮೊಟ್ಟೆ ಹೋಯಿತು. 12 ರೂಪಾಯಿಯಂತೆ 1,080. ಇದು ಉಳಿತಾಯ ಅಲ್ಲ ಅಕ್ಕಾ. ಮೊದಲು ಒಂದು ಮೊಟ್ಟೆಗೆ 11 ರೂಪಾಯಿ ಮೇವು ಬೀಳುತ್ತಿತ್ತು, ಈಗ 17 ಬೀಳುತ್ತಿದೆ.

ಯಾಕೆ ಇಳಿಯಿತು ಅಂದರೆ, ಲೇಯರ್ ಮ್ಯಾಶ್‌ನಲ್ಲಿ ಪ್ರೋಟೀನ್ ನೂರಕ್ಕೆ 16, 17, ಸುಣ್ಣದ ಅಂಶ (ಕ್ಯಾಲ್ಸಿಯಂ) ಮೂರೂವರೆ. ಅಕ್ಕಿ ನುಚ್ಚಿನಲ್ಲಿ ಪ್ರೋಟೀನ್ 8, ಸುಣ್ಣ ಇಲ್ಲವೇ ಇಲ್ಲ ಅನ್ನಬಹುದು. ಮೂರು ಪಾಲು ಮ್ಯಾಶ್‌ಗೆ ಎರಡು ಪಾಲು ನುಚ್ಚು ಸೇರಿಸಿದರೆ ಪ್ರೋಟೀನ್ 13ಕ್ಕೆ, ಸುಣ್ಣ ಎರಡಕ್ಕೆ ಬಂತು. ಅದರ ಮೇಲೆ ಅನ್ನ. ಹೊಟ್ಟೆ ತುಂಬುತ್ತದೆ, ಕೋಳಿ ದುಂಡಗಾಗುತ್ತದೆ, ಮೊಟ್ಟೆಗೆ ಬೇಕಾದದ್ದು ಸಿಗುವುದಿಲ್ಲ. ಒಂದು ಮೊಟ್ಟೆ ಚಿಪ್ಪಿಗೆ ಎರಡು ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಮೇವಿನಲ್ಲಿ ಸಾಲದಿದ್ದರೆ ಕೋಳಿ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಮೂಳೆಯಲ್ಲೂ ಕೊರತೆ ಬಿದ್ದಾಗಲೇ ನಿಮ್ಮ ಕೈಗೆ ಬಂತಲ್ಲ, ಆ ತೊಗಲ ಮೊಟ್ಟೆ.

ಕೊಬ್ಬರಿ ಹಿಂಡಿ ಕೆಟ್ಟದ್ದಲ್ಲ. ಪ್ರೋಟೀನ್ 20ರ ಸುಮಾರು ಇದೆ. ಆದರೆ ನಾರು ಜಾಸ್ತಿ, ಕೋಳಿಗೆ ಬೇಕಾದ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಡಿಮೆ. ಹತ್ತು ಕೆಜಿಗೆ ಒಂದು ಕೆಜಿ ಮೀರಬೇಡಿ, ಮಳೆಗಾಲದಲ್ಲಿ ಕಮಟು ವಾಸನೆ ಬಂದರೆ ಬಿಸಾಡಿ. ಹಿಂಡಿ ವಿಷಯದಲ್ಲಿ ನಾನು ತಿಂದ ಪೆಟ್ಟು ಹೇಳುತ್ತೇನೆ. ಎರಡು ವರ್ಷದ ಹಿಂದೆ ಶೇಂಗಾ ಹಿಂಡಿ ಮೂಟೆ ಗೋಡೆಗೆ ತಾಗಿಸಿ ಇಟ್ಟಿದ್ದೆ. ಜುಲೈ ತಿಂಗಳು. ಮೇಲೆ ಚೆನ್ನಾಗಿತ್ತು, ಗೋಡೆ ಕಡೆಗೆ ಹಸಿರು ಬೂಸಲು ಹಿಡಿದಿತ್ತು, ನಾನು ನೋಡಲಿಲ್ಲ. ನಾಲ್ಕು ದಿನದಲ್ಲಿ 9 ಮರಿ ಸತ್ತವು. ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ನಿಂತಲ್ಲೇ ಹೋದವು. ಡಾಕ್ಟರು ಒಂದನ್ನು ಕೊಯ್ದು ತೋರಿಸಿದರು, ಪಿತ್ತಜನಕಾಂಗ ಹಳದಿ ಬಣ್ಣಕ್ಕೆ ತಿರುಗಿತ್ತು. ಅಫ್ಲಾಟಾಕ್ಸಿನ್ ಅಂದರು. ಬೂಸಲಿನ ಆ ವಿಷ ಕುದಿಸಿದರೂ ಹೋಗುವುದಿಲ್ಲ. ಗೋವಿನಜೋಳಕ್ಕೂ ಅದೇ ಕಥೆ. ಆ ಮರಿಗಳು ಈಗಲೂ ನೆನಪಾಗುತ್ತವೆ. ಅಂದಿನಿಂದ ಮೂಟೆ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಮಳೆಗಾಲದಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ದಾಸ್ತಾನು ಮಾಡುವುದೇ ಇಲ್ಲ.

ಮನೆಯಲ್ಲಿ ಮೇವು ಬೆರೆಸುವುದು 13 ಕೋಳಿಗೆ ಬೇಡ. ಗೋವಿನಜೋಳ, ಸೋಯಾ ಹಿಂಡಿ, ತೌಡು, ಚಿಪ್ಪಿನ ಪುಡಿ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ಉಪ್ಪು, ವಿಟಮಿನ್ ಪುಡಿ ಇಷ್ಟೂ ತರಬೇಕು. ಸೋಯಾ ಹಿಂಡಿ ಬಿಡಿಯಾಗಿ ಸಿಗುವುದು ಕಷ್ಟ, ಮೂಟೆ ತಂದರೆ ಮುಗಿಯುವುದರೊಳಗೆ ಕೆಡುತ್ತದೆ. ನಾನು 35 ಕೋಳಿ ಇರುವುದರಿಂದ ಲೇಯರ್ ಕಾನ್ಸಂಟ್ರೇಟ್ (ಪ್ರೋಟೀನ್, ಖನಿಜ, ವಿಟಮಿನ್ ಸೇರಿಸಿದ ಸಿದ್ಧ ಮಿಶ್ರಣ) ತಂದು ಊರಿನ ಗೋವಿನಜೋಳ ಒಡೆಸಿ ಬೆರೆಸುತ್ತೇನೆ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ನಮ್ಮ ಹೊಲದ್ದೇ ಒಣಗಿದ ಕಾಳು ಎರಡು ಚೀಲ ತರುತ್ತೇನೆ. ಹಲ್ಲಿಗೆ ಕಚ್ಚಿದರೆ ಟಣ್ ಅನ್ನಬೇಕು, ಮೆತ್ತಗಿದ್ದರೆ ತರುವುದಿಲ್ಲ. ಜೋಳಕ್ಕೆ ಸಾಗಾಣಿಕೆ ಬಿಟ್ಟರೆ ಖರ್ಚಿಲ್ಲ, ಅದಕ್ಕೇ ನನಗೆ ಗಿಟ್ಟುತ್ತದೆ. ಅಂಗಡಿಯಲ್ಲಿ ಎಲ್ಲ ಕೊಂಡು ಮಾಡಿದರೆ ನನಗೂ ಗಿಟ್ಟುವುದಿಲ್ಲ.

ತಳೇಗಾಂವ್ ಹಿರಿಯರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಅಜೋಲ್ಲಾ ನಾನೂ ಹಾಕುತ್ತೇನೆ, ಒಳ್ಳೆಯ ಸೊಪ್ಪು. ಆದರೆ ನೀವು ಹೇಳಿದ 20, 25 ಒಣಗಿದ್ದರದ್ದು. ಹಸಿ ಅಜೋಲ್ಲಾ ಒಂದು ಕೆಜಿ ಒಣಗಿಸಿದರೆ 60 ಗ್ರಾಂ ಉಳಿಯುತ್ತದೆ, ಉಳಿದದ್ದು ನೀರು. ಅದರಲ್ಲಿ ಪ್ರೋಟೀನ್ 13, 14 ಗ್ರಾಂ. ಒಂದು ಹೇಂಟೆಗೆ ದಿನಕ್ಕೆ 16 ಗ್ರಾಂ ಬೇಕು. ಅಂದರೆ ಒಂದು ಕೆಜಿ ಹಸಿ ಅಜೋಲ್ಲಾ ಒಂದು ಕೋಳಿಗೂ ಪೂರ್ತಿ ಆಗುವುದಿಲ್ಲ. ಹಳದಿಯ ಬಣ್ಣಕ್ಕೆ, ಕೋಳಿಯ ಖುಷಿಗೆ ಹಾಕೋಣ. ಅದನ್ನು ನಂಬಿ ಮ್ಯಾಶ್ ಅರ್ಧ ಮಾಡಿದರೆ ಅಕ್ಕನ ಮೊಟ್ಟೆ ಇನ್ನೂ ಇಳಿಯುತ್ತದೆ.

ಅಕ್ಕಾ, ಇನ್ನೊಂದು. ನಾಲ್ಕು ಗಾವಠಿ ಹೇಂಟೆಯಿಂದ ದಿನಾ ಮೊಟ್ಟೆ ನಿರೀಕ್ಷಿಸಬೇಡಿ. ಹನ್ನೆರಡು, ಹದಿನೈದು ಇಟ್ಟು ಕಾವಿಗೆ ಕೂರುವುದು ಅವುಗಳ ಸ್ವಭಾವ. ನಿಮಗೆ 7 ಬರುತ್ತಿದ್ದದ್ದೇ ಒಳ್ಳೆಯ ಲೆಕ್ಕ. ಅಷ್ಟಕ್ಕೆ ಮತ್ತೆ ಬಂದರೆ ಸಾಕು.

ವಸಯಿ ಕಾರವಾರದಾಕೆ

ನಾನು ಕಾರವಾರದವಳು, ಮುಂಬೈ ಹತ್ತಿರ ವಸಯಿ ಕಡೆ ಇದ್ದೇನೆ. ತೋಟದ ಅಣ್ಣ ಹೇಳಿದ್ದು ಸರಿಯಾಗಿದೆ, ನಾನು ಚಿಪ್ಪಿನದ್ದು ಮಾತ್ರ ಸೇರಿಸುತ್ತೇನೆ. ಇದು ನಮ್ಮ ಕರಾವಳಿಯವರಿಗೆ ಬಿಟ್ಟಿ ಸಿಗುವ ವಸ್ತು.

ಗೋವಾದಲ್ಲಿ ತಿಸ್ರ್ಯೋ, ಅಂದರೆ ಕಪ್ಪೆಚಿಪ್ಪಿನ ಮಾಂಸ, ತಿನ್ನದ ಮನೆ ಇದೆಯಾ? ಆ ಚಿಪ್ಪು ಎಲ್ಲರೂ ತೆಂಗಿನ ಬುಡಕ್ಕೆ ಬಿಸಾಡುತ್ತಾರೆ. ಅಜ್ಜಿಯನ್ನು ಕೇಳಿ, ಬುಟ್ಟಿಗಟ್ಟಲೆ ಕೊಡುತ್ತಾರೆ. ಚೆನ್ನಾಗಿ ತೊಳೆದು, ಉಪ್ಪು ಹೋಗುವ ಹಾಗೆ ಎರಡು ಸಲ ನೀರು ಬದಲಿಸಿ, ಒಲೆ ಮೇಲೆ ಹಳೇ ಕಬ್ಬಿಣದ ತವಾದಲ್ಲಿ ಹುರಿಯಿರಿ. ಹುರಿದರೆ ಪುಟಪುಟ ಒಡೆಯುತ್ತದೆ. ಗೋಣಿಯಲ್ಲಿ ಸುತ್ತಿ ಕಲ್ಲಿನಿಂದ ಜಜ್ಜಿ. ನುಣ್ಣಗೆ ಪುಡಿ ಮಾಡಬೇಡಿ, ಅಕ್ಕಿ ಕಾಳಿನಷ್ಟು, ತೊಗರಿ ಬೇಳೆಯಷ್ಟು ಚೂರು ಇರಲಿ. ಪುಡಿ ಬೇಗ ಕರಗಿ ಹೋಗುತ್ತದೆ. ಚೂರು ರಾತ್ರಿಯೆಲ್ಲ ಹೊಟ್ಟೆಯಲ್ಲಿ ನಿಂತು ನಿಧಾನಕ್ಕೆ ಕರಗುತ್ತದೆ, ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿಯೇ ಅಲ್ವಾ. ಅದಕ್ಕೆ ನಾನು ಮಧ್ಯಾಹ್ನ ನಾಲ್ಕರ ಮೇಲೆ ಬೇರೆ ಬಟ್ಟಲಲ್ಲಿ ಇಡುತ್ತೇನೆ. ಮೇವಿಗೆ ಬೆರೆಸಬೇಡಿ. ಬೇಕಾದ ಹೇಂಟೆ ತಾನೇ ಬಂದು ತಿನ್ನುತ್ತದೆ, ಹುಂಜ ಮೂಸಿಯೂ ನೋಡುವುದಿಲ್ಲ. ಮರಿಗಳಿಗೆ ಮಾತ್ರ ಹಾಕಬಾರದು, ಲೇಯರ್ ಮ್ಯಾಶ್ ಕೂಡ ಅವಕ್ಕೆ ಬೇಡ. ಅಷ್ಟು ಸುಣ್ಣ ಎಳೆ ಮೂತ್ರಪಿಂಡಕ್ಕೆ ತಡೆಯುವುದಿಲ್ಲ.

ಮೀನಿನ ತಲೆ, ಕರುಳು ಸಿಕ್ಕರೆ ಬೇಯಿಸಿ ವಾರಕ್ಕೆ ಎರಡು ಸಲ ಕೊಡಿ. ಈಗ ಆಗಸ್ಟ್‌ನಲ್ಲಿ ಟ್ರಾಲರ್ ಮತ್ತೆ ಇಳಿದಿವೆ, ಬಂಗುಡೆ, ತಾರ್ಲೆ ಅಗ್ಗ ಆಗುತ್ತದೆ. ದಿನಾ ಕೊಟ್ಟರೆ ಮೊಟ್ಟೆಯೇ ಮೀನು ನಾರುತ್ತದೆ, ನಿಮ್ಮ ಗಿರಾಕಿ ವಾಪಸ್ ಬರುವುದಿಲ್ಲ. ಉಪ್ಪು ಮೀನು ಬೇಡವೇ ಬೇಡ. ಕೋಳಿಗೆ ಉಪ್ಪು ಜಾಸ್ತಿ ಆದರೆ ಜೀವಕ್ಕೇ ಅಪಾಯ.

ತಳೇಗಾಂವ್ ಅಜ್ಜ

ತೋಟದವರೇ, ಬೇಜಾರಿಲ್ಲ. ಇಷ್ಟು ವರ್ಷ ನಾನು ನೀರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಿನ್ನೆ ಒಂದು ಕೆಜಿ ತೂಗಿ ತಾರಸಿ ಮೇಲೆ ಒಣಗಿಸಿದೆ, ಇವತ್ತು ಸಂಜೆ 70 ಗ್ರಾಂ ಇತ್ತು, ಇನ್ನೂ ಸ್ವಲ್ಪ ತೇವ ಇದೆ. ನಿಮ್ಮ ಮಾತು ನಿಜ. ನಾನು ಮ್ಯಾಶ್ ಅರ್ಧ ಮಾಡಿ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಕೋಳಿಗಳು ಇಡೀ ದಿನ ಮಾವಿನ ತೋಪಿನಲ್ಲಿ ಕೆದರುತ್ತವೆ, ಹುಳ ಹುಪ್ಪಟೆ ಅಲ್ಲಿಯೇ ಸಿಗುತ್ತಿತ್ತು ಅನಿಸುತ್ತದೆ. ನಾನು ಹೆಸರು ಅಜೋಲ್ಲಾಗೆ ಕೊಟ್ಟಿದ್ದೆ.

ಪೋಂಡಾ ಹಿತ್ತಲು

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಅವತ್ತು ಸಂಜೆಯೇ ತೂಗಿದೆ. 6.45ಕ್ಕೆ ಬಾನಿಯಲ್ಲಿ 1,200 ಗ್ರಾಂ. ಬೆಳಿಗ್ಗೆ 6.10ಕ್ಕೆ 610. ತಕ್ಕಡಿ ಕೆಟ್ಟಿದೆಯೇನೋ ಅಂತ ಸಕ್ಕರೆ ಪೊಟ್ಟಣ ಇಟ್ಟು ನೋಡಿದೆ, ಸರಿ ಇತ್ತು. ಒಂದೇ ರಾತ್ರಿ 590 ಗ್ರಾಂ. ಯಜಮಾನರು ಟಾರ್ಚ್ ಹಿಡಿದು ಹಿತ್ತಲೆಲ್ಲ ಸುತ್ತಿದರು. ಬಾವಿ ಕಟ್ಟೆ ಹಿಂದೆ, ಸೌದೆ ರಾಶಿ ಅಡಿಯಲ್ಲಿ ಮೂರು ಬಿಲ. ಬಾಯಲ್ಲಿ ಮ್ಯಾಶ್ ಹಿಟ್ಟು ಚೆಲ್ಲಿ ದಾರಿಯೇ ಆಗಿತ್ತು. ನಾನು ದಿನಾ ಅಲ್ಲಿಂದಲೇ ನೀರು ಸೇದುತ್ತೇನೆ, ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ಇಂದಿಗೆ 24 ದಿನ. ಬಾನಿ ರಾತ್ರಿ ಒಳಗೆ. ನುಚ್ಚು ಪೂರ್ತಿ ನಿಲ್ಲಿಸಿದೆ, ಉಳಿದದ್ದರಲ್ಲಿ ಇಡ್ಲಿ, ಉಪ್ಪಿಟ್ಟು ಆಯಿತು. ಅನ್ನ ಮಧ್ಯಾಹ್ನ ಒಂದು ಹಿಡಿ ಮಾತ್ರ, ಕರೆಯುವ ಖುಷಿಗೆ. ಬೆಳಿಗ್ಗೆ ಬರೀ ಮ್ಯಾಶ್, ಹಿಂದಿನ ಮನೆಯವರ ನುಗ್ಗೆ ಸೊಪ್ಪು ಒಂದು ಟೊಂಗೆ ಕಟ್ಟಿ ತೂಗು ಹಾಕುತ್ತೇನೆ. ಹಾರಿ ಹಾರಿ ಕಿತ್ತು ತಿನ್ನುವುದು ನೋಡಲು ಚಂದ. ಚಿಪ್ಪು ಅಜ್ಜಿಯಿಂದ ಒಂದು ಬುಟ್ಟಿ ಸಿಕ್ಕಿತು. ಅವರಿಗೆ ವಿಷಯ ಹೇಳಿದರೆ, ನಮ್ಮ ತಾಯಿಯೂ ಹೀಗೇ ಜಜ್ಜಿ ಹಾಕುತ್ತಿದ್ದರು, ನನಗೆ ಮರೆತೇ ಹೋಗಿತ್ತು ಅಂದರು. ಆಮೇಲೆ ತಾವೇ ಕಲ್ಲು ತೆಗೆದುಕೊಂಡು ಕೂತರು. ಬಟ್ಟಲು ಇಟ್ಟ ಮೊದಲನೇ ಸಂಜೆ ಕಂದು ಬಣ್ಣದ ಆ ಹೇಂಟೆ, ತೊಗಲ ಮೊಟ್ಟೆ ಇಟ್ಟದ್ದು ಅದೇ ಅಂತ ನನ್ನ ಅನುಮಾನ, ಬೇರೆ ಯಾವುದನ್ನೂ ಹತ್ತಿರ ಬಿಡದೆ ಹದಿನೈದು ನಿಮಿಷ ಚಿಪ್ಪೇ ತಿಂದಿತು. ಅದಕ್ಕೆ ಏನು ಬೇಕೆಂದು ಅದಕ್ಕೆ ಗೊತ್ತಿತ್ತು. ನಾನು ಕೊಟ್ಟಿರಲಿಲ್ಲ.

ಮೊದಲ ಹತ್ತು ದಿನ ಏನೂ ಬದಲಾಗಲಿಲ್ಲ, 4, 4, 5. ಚವತಿ ದಿನ 6. ಈಗ ಒಂದು ವಾರದಿಂದ 6 ಇದೆ, ಎರಡು ದಿನ 7. ಚಿಪ್ಪು ಗಟ್ಟಿ, ಒಡೆಯುವಾಗ ಚಮಚ ಬೇಕು. ಮೇವು ಈಗ ದಿನಕ್ಕೆ 1,400 ಗ್ರಾಂ ತೂಗಿ ಹಾಕುತ್ತಿದ್ದೇನೆ, ಸಂಜೆಗೆ ಸ್ವಲ್ಪ ಉಳಿಯುತ್ತದೆ. ಹೀಗೆ ಹೋದರೆ ಮೂಟೆ 35 ದಿನ ಬರಬೇಕು. ದಿನಕ್ಕೆ 53 ರೂಪಾಯಿ, ಮೊಟ್ಟೆಗೆ 9 ರೂಪಾಯಿ ಒಳಗೆ. ಯಜಮಾನರು ಈಗ ಕೋಳಿ ಕೊಡುವ ಮಾತು ಎತ್ತುತ್ತಿಲ್ಲ. ತೂಕದ ಪುಸ್ತಕ ಅವರೇ ಬರೆಯುತ್ತಾರೆ.

ಒಂದು ಪ್ರಶ್ನೆ ಉಳಿದಿದೆ. ಗಾವಠಿ ಹೇಂಟೆ ಒಂದು 11 ಮೊಟ್ಟೆ ಮೇಲೆ ಕಾವಿಗೆ ಕೂತಿದೆ. ಮೇವಿಗೆ ಏಳುವುದೇ ಇಲ್ಲ, ಎದೆ ಮೂಳೆ ಕೈಗೆ ಹತ್ತುತ್ತಿದೆ. ಗೂಡಿಗೇ ಮ್ಯಾಶ್ ಇಡಲಾ? ಮರಿ ಆದ ಮೇಲೆ ಏನು ಹಾಕಲಿ?

ಸಾಂಗೆ ತೋಟದವನು

590 ಗ್ರಾಂ ಓದಿ ನನ್ನ ಹೆಂಡತಿಗೂ ತೋರಿಸಿದೆ ಅಕ್ಕಾ. ಸೌದೆ ರಾಶಿಯನ್ನು ಗೂಡಿನಿಂದ ದೂರ ಸರಿಸಿ, ಇಲ್ಲವಾದರೆ ಮತ್ತೆ ಬರುತ್ತವೆ. ಬಿಲದ ಮಣ್ಣಿಗೆ ಬರಿಗೈ ಹಾಕಬೇಡಿ.

ಕಾವಿನ ಹೇಂಟೆ ದಿನಕ್ಕೆ ಒಂದು ಸಲ ತಾನೇ ಏಳಬೇಕು. ಗೂಡಿಗೆ ಮೇವು ಇಡಬೇಡಿ, ಅಲ್ಲೇ ಹೇತು ಮೊಟ್ಟೆ ಗಲೀಜು ಮಾಡುತ್ತದೆ, ಇರುವೆಯೂ ಬರುತ್ತದೆ. ಏಳದಿದ್ದರೆ ಮಧ್ಯಾಹ್ನ ಬಿಸಿಲಿನ ಹೊತ್ತಿಗೆ ಎರಡೂ ಕೈಯಿಂದ ಮೆಲ್ಲಗೆ ಎತ್ತಿ ಹೊರಗೆ ಇಡಿ. ರೆಕ್ಕೆ ಅಡಿ ಮೊಟ್ಟೆ ಸಿಕ್ಕಿರುತ್ತದೆ, ನೋಡಿಕೊಳ್ಳಿ. ಮುಂದೆ ನೀರು, ಗೋವಿನಜೋಳದ ಒಡಕು ಒಂದು ಹಿಡಿ, ಸ್ವಲ್ಪ ಮ್ಯಾಶ್. ಹದಿನೈದು ಇಪ್ಪತ್ತು ನಿಮಿಷದಲ್ಲಿ ತಿಂದು ಕುಡಿದು ತಾನೇ ವಾಪಸ್ ಹೋಗುತ್ತದೆ. 21 ದಿನ ಅದು ಇಳಿಯುವುದು ಸಹಜ, ಮರಿ ಎದ್ದ ಮೇಲೆ ತಾನೇ ತುಂಬಿಕೊಳ್ಳುತ್ತದೆ.

ಮರಿಗೆ ಚಿಕ್ ಸ್ಟಾರ್ಟರ್ (ಮರಿಗಳಿಗೆಂದೇ ಬರುವ ಮೇವು) ಎಂಟು ವಾರ. ಪ್ರೋಟೀನ್ 20ರ ಮೇಲೆ ಇರುವುದು ಕೇಳಿ ತನ್ನಿ, ಹತ್ತು ಮರಿಗೆ ಮೊದಲು ಐದು ಕೆಜಿ ಸಾಕು, ಸಂಶಯ ಇದ್ದರೆ ಹಳೇ ಗೋವಾದ ಎಲಾದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ನಿಮಗೆ ಹತ್ತಿರ, ಹೋಗಿ ಕೇಳಿ. ಗೆದ್ದಲು ಸಿಕ್ಕರೆ ಮರಿಗೆ ಅದರಷ್ಟು ಒಳ್ಳೆಯದು ಇಲ್ಲ. ನಮ್ಮ ಊರಲ್ಲಿ ಅವ್ವ ಮಾಡುತ್ತಿದ್ದದ್ದು ಹೇಳುತ್ತೇನೆ. ಹಳೇ ಮಡಕೆಗೆ ಒದ್ದೆ ಹುಲ್ಲು, ಒಣ ಸೆಗಣಿ, ಹರಿದ ಗೋಣಿ ತುಂಬಿ ಗೆದ್ದಲು ಇರುವ ಕಡೆ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿ. ಮಳೆ ಸ್ವಲ್ಪ ಬಿಟ್ಟ ಮೇಲೆ ಮಾಡಿ, ಈಗ ಮಡಕೆಯೊಳಗೆ ಬರೀ ಕೆಸರು ಸಿಗುತ್ತದೆ.

11ರಲ್ಲಿ ಎಷ್ಟು ಎದ್ದವು ತಿಳಿಸಿ.